ಕತ್ತರಿಸಿದ ಐದನೆಯ ನುಡಿ

ಧ್ವನಿಮುದ್ರಣದ ಕೆಲಸಕ್ಕೆ ಸೇರಬೇಕೆಂದಿರುವ ಇಬ್ಬರು ಹುಡುಗಿಯರು ಹೋದ ತಿಂಗಳು ನನ್ನ ಮನೆಗೆ ಬಂದಿದ್ದರು. ಈ ಕೆಲಸದಲ್ಲಿ ಮೊದಲು ಏನನ್ನು ಕಲಿಯಬೇಕು ಎಂದು ಕೇಳಿದರು. ಮೈಕು, ಕೇಬಲ್ಲು, ಸಾಫ್ಟ್‌ವೇರ್ ಎಂದು ಒಂದು ತಾಸು ಮಾತಾಡಿದೆ. ಅವರು ಚಹಾ ಕುಡಿದು ಹೋದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅದೆಲ್ಲ ಅವರಿಗೆ ಫೋನಿನಲ್ಲೇ ಸಿಗುತ್ತದೆ. ಫೋನಿನಲ್ಲಿ ಸಿಗದ ಒಂದು ಸಂಗತಿ ನನ್ನ ಹತ್ತಿರ ಇತ್ತು, ಅದನ್ನು ಹೇಳಲಿಲ್ಲ. ಹೇಳಿದರೆ ನಾನು ಸಣ್ಣವನಾಗುತ್ತೇನೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಅದನ್ನು ನೆನೆದರೆ ನನ್ನ ದನಿ ಏರುತ್ತದೆ. ಬರೆಯುವಾಗಲಾದರೂ ತಡೆದುಕೊಳ್ಳಬಹುದೇನೋ ಎಂದು ಬರೆಯಲು ಕೂತಿದ್ದೇನೆ.

ಗದಗಿಗೆ ಹತ್ತಿಕೊಂಡ ಬೆಟಗೇರಿಯ ಒಂದು ಓಣಿಯಲ್ಲಿ, ಅಟ್ಟದ ಮೇಲಿನ ಸ್ಟುಡಿಯೋದಲ್ಲಿ ನನ್ನ ಇಡೀ ಕೆಲಸದ ಆಯುಷ್ಯ ಕಳೆಯಿತು. ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿಕೊಂಡು ಬಂದವನು, ಶಿಕ್ಷಕನ ನೌಕರಿ ಸಿಗುವವರೆಗೆ ಎಂದು ಕ್ಯಾಸೆಟ್ ಅಂಗಡಿಗೆ ಸೇರಿದೆ. ಆ ನೌಕರಿ ಬರಲಿಲ್ಲ, ನಾನೂ ಆಮೇಲೆ ಅದರ ದಾರಿ ಕಾಯಲಿಲ್ಲ. ಸ್ಟುಡಿಯೋ ಎಂದರೆ ಈಗಿನವರು ಕಲ್ಪಿಸಿಕೊಳ್ಳುವಂಥದ್ದಲ್ಲ. ಗೋಡೆಗೆ ಹಳೆಯ ಕೌದಿಗಳನ್ನು ಮೊಳೆ ಹೊಡೆದು ತೂಗುಬಿಟ್ಟಿದ್ದೆವು, ದನಿ ತಿರುಗಿ ಬರಬಾರದೆಂದು. ಹಾಡುವಾಗ ಫ್ಯಾನು ಬಂದ್. ಕೆಳಗೆ, ಎಡಕ್ಕೆ, ಬಲಕ್ಕೆ ಮಗ್ಗಗಳು. ಅವುಗಳ ಸದ್ದು ಯಾವ ಕೌದಿಗೂ ನಿಲ್ಲುತ್ತಿರಲಿಲ್ಲ. ಹೀಗಾಗಿ ಮುಖ್ಯವಾದ ಹಾಡುಗಳನ್ನೆಲ್ಲ ಅಮಾವಾಸ್ಯೆಯ ದಿನ ಮುದ್ರಿಸುತ್ತಿದ್ದೆವು. ಅಂದು ನೇಕಾರರು ಮಗ್ಗಕ್ಕೆ ಬಿಡುವು ಕೊಡುತ್ತಿದ್ದರು. ನಮ್ಮ ಓಣಿಯ ಮಂದಿಗೆ ಅಮಾವಾಸ್ಯೆ ಕೆಲಸವಿಲ್ಲದ ದಿನ, ನಮಗೆ ಬೆಳಗಿನಿಂದ ಸಂಜೆಯವರೆಗೆ ಉಸಿರಾಡಲು ಬಿಡುವಿರದ ದಿನ.

ನನ್ನ ಮೊದಲ ಮಾಲೀಕರು ವೀರಣ್ಣ ಸಾವ್ಕಾರರು. ಸಂಗೀತ ತಿಳಿಯದ ಮನುಷ್ಯ, ಆದರೆ ಹಾಡಿನವರ ಮರ್ಯಾದೆ ತಿಳಿದವರು. ಒಂದು ಉದಾಹರಣೆ ಹೇಳಿದರೆ ಮುಂದಿನದು ಅರ್ಥವಾದೀತು.

ನಮ್ಮ ಕಡೆಯ ಜಾನಪದ ಹಾಡುಗಳಲ್ಲಿ ಕೊನೆಯ ನುಡಿ, ಅಂದರೆ ಚರಣ, ಒಂದಿರುತ್ತದೆ. ಅದರಲ್ಲಿ ಹಾಡು ಕಟ್ಟಿದವನ ಊರು, ಹೆಸರು ಬರಲೇಬೇಕು. ಲಾವಣಿಯವರಿಂದ ಹಿಡಿದು ಈಗಿನ ಡಿಜೆ ಹಾಡಿನವರ ತನಕ ಈ ರೂಢಿ ತಪ್ಪಿಲ್ಲ. ಹಾಡು ಇಂಥವರದು ಎನ್ನುವುದಕ್ಕೆ ಬೇರೆ ಕಾಗದಪತ್ರ ನಮ್ಮಲ್ಲಿ ಇರಲಿಲ್ಲ, ಆ ನುಡಿಯೇ ಕಾಗದಪತ್ರ. ಕಣಗಿನಹಾಳದ ಒಂದು ಮೇಳದವರ ಹಾಡು ಮುದ್ರಿಸುವಾಗ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದುಹೋಯಿತು, ಹೆಸರಿನ ನುಡಿ ಅರ್ಧಕ್ಕೇ ನಿಂತಿತು. ನಾನು ಹೊಸಬ, ಗಮನಿಸಲಿಲ್ಲ. ಕ್ಯಾಸೆಟ್ ಪೇಟೆಗೆ ಹೋದ ವಾರಕ್ಕೆ ಮೇಳದವರು ಹನ್ನೆರಡು ಮಂದಿ ಬಂದು ನಮ್ಮ ಅಂಗಳದಲ್ಲಿ ಕೂತರು. ಜಗಳ ಮಾಡಲಿಲ್ಲ. ಸುಮ್ಮನೆ ಕೂತರು. ಅವರಲ್ಲಿ ಹಿರಿಯನೊಬ್ಬ ನನ್ನನ್ನು ಕರೆದು, “ತಮ್ಮಾ, ಹೆಸರಿಲ್ಲದ ಕೂಸ ಯಾರ ಮನಿ ಮುಂದ ಬಿಟ್ಟ ಬರೂಣು?” ಎಂದ. ಸಾವ್ಕಾರರು ಅಂಗಡಿಗಳಿಂದ ಎಲ್ಲ ಕ್ಯಾಸೆಟ್ಟುಗಳನ್ನೂ ವಾಪಸ್ ತರಿಸಿ, ಮುಂದಿನ ಅಮಾವಾಸ್ಯೆಗೆ ಹಾಡನ್ನು ಮತ್ತೆ ಮುದ್ರಿಸಿದರು. ನನ್ನನ್ನು ಬೈಯಲಿಲ್ಲ. ಮೇಳದವರ ಮುಂದೆ ನನ್ನ ಕೈಯಿಂದಲೇ ಆ ನುಡಿಯನ್ನು ಬಿಳಿ ಹಾಳೆಯಲ್ಲಿ ಬರೆಸಿ ಗೋಡೆಗೆ ಅಂಟಿಸಿದರು. ಆ ಹಾಳೆ ಬಹಳ ವರ್ಷ ಅಲ್ಲೇ ಇತ್ತು ಎಂದು ನನ್ನ ನೆನಪು. ಹೆಂಡತಿ ಹೇಳುವ ಪ್ರಕಾರ ಅದು ಒಂದು ಮಳೆಗಾಲವೂ ಬಾಳಲಿಲ್ಲ. ಇಬ್ಬರಲ್ಲಿ ಯಾರದು ಖರೆಯೋ ತಿಳಿಯದು. ಡೈರಿಯಲ್ಲಿ ಹುಡುಕಿದೆ, ಗೋಡೆಯ ಮಾತೇ ಇಲ್ಲ.

ಡೈರಿ ಬರೆಯುವುದು ವಿಶ್ವವಿದ್ಯಾಲಯದಲ್ಲಿ ಹತ್ತಿದ ಚಟ. ನಮ್ಮ ಪ್ರಾಧ್ಯಾಪಕರೊಬ್ಬರು ಪಾಠದ ನಡುವೆ ಪದೇ ಪದೇ ಹೇಳುತ್ತಿದ್ದರು: ಆಮೇಲಿನ ನೆನಪಿಗಿಂತ ಆ ಕಾಲದ ಬರಹ ದೊಡ್ಡದು. ಆ ಮಾತನ್ನು ನಾನು ದೇವರ ಮಾತಿನ ಹಾಗೆ ನಂಬಿದ್ದೆ. ನಂಬಿದ್ದಕ್ಕೆ ಯಾರು ಬೆಲೆ ತೆತ್ತರು ಎನ್ನುವುದೇ ಈ ಬರಹದ ವಿಷಯ.

ಕ್ಯಾಸೆಟ್ ಹೋಯಿತು, ಸಿ.ಡಿ. ಬಂತು, ಅದೂ ಹೋಯಿತು. ಸಾವ್ಕಾರರು ತೀರಿಕೊಂಡ ಮೇಲೆ ಸ್ಟುಡಿಯೋವನ್ನು ಮಹಾಂತೇಶ ಎಂಬವನು ಕೊಂಡ. ಅವನದೊಂದು ಯೂಟ್ಯೂಬ್ ಚಾನಲ್ಲು, ಸುತ್ತಲಿನ ಎಲ್ಲ ತಾಲೂಕುಗಳಲ್ಲಿ ಹೆಸರಾದದ್ದು. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವನು, ಎದುರಿಗೆ “ಸರ” ಎಂದು ಎದ್ದು ನಿಲ್ಲುತ್ತಿದ್ದ, ಕಿವಿಯಿಂದ ಫೋನು ಮಾತ್ರ ಇಳಿಸುತ್ತಿರಲಿಲ್ಲ. ಹಾಡನ್ನು ಅವನು ಪೂರ್ತಿ ಕೇಳಿದ್ದನ್ನು ನಾನು ಕಂಡಿಲ್ಲ. ಜನ ಎಷ್ಟನೆಯ ನಿಮಿಷಕ್ಕೆ ಬಿಟ್ಟು ಹೋಗುತ್ತಾರೆ ಎಂಬ ಗೆರೆಯನ್ನು ಪರದೆಯ ಮೇಲೆ ನೋಡುತ್ತಿದ್ದ. ಬಿಟ್ಟು ಹೋಗುವವರಿಗಾಗಿ ಹಾಡು ಕತ್ತರಿಸುವ ಕಾಲ ಹೀಗೆ ಶುರುವಾಯಿತು. ಕೊನೆಯವರೆಗೆ ಕೂತು ಕೇಳುವವರ ಗೆರೆಯನ್ನು ಅವನು ನನಗೆ ಎಂದೂ ತೋರಿಸಲಿಲ್ಲ.

ಅವನ ಚಾನಲ್ಲಿನ ದೊಡ್ಡ ಹೆಸರು ಹರ್ತಿಯ ಫಕ್ಕೀರಪ್ಪ. ಹಾಡಿನಲ್ಲಿ ತನ್ನನ್ನು ಫಕ್ಕೀರ ಎಂದು ಕರೆದುಕೊಳ್ಳುತ್ತಿದ್ದ. ಹರ್ತಿಗೂ ಗದಗಿಗೂ ನಡುವೆ ಟಂಟಂ ರಿಕ್ಷಾ ಓಡಿಸುವವನು. ಹೊಸ ಹಾಡು ಕಟ್ಟಿದರೆ ಮೊದಲು ಗಾಡಿಯ ಮಂದಿಗೆ ಕೇಳಿಸುವುದು, ಇಳಿಯುವಾಗ ಯಾರಾದರೂ ಗುನುಗಿದರೆ ಸ್ಟುಡಿಯೋಕ್ಕೆ ತರುವುದು, ಇಲ್ಲದಿದ್ದರೆ ಅಲ್ಲೇ ಬಿಡುವುದು. ಇದು ಅವನ ಪರೀಕ್ಷೆ. ಅವನ ಹಾಡುಗಳಲ್ಲಿ ಹುಡುಗಿ ಯಾವಾಗಲೂ ಮೋಸಗಾತಿ, ಹುಡುಗ ಯಾವಾಗಲೂ ಬಡವ. ಡಿಜೆ ಪೆಟ್ಟಿಗೆಗಳ ಮುಂದೆ ಕುಣಿಯುವ ಹುಡುಗರಿಗೆ ಅದೇ ಬೇಕಿತ್ತು. ದನಿ ಗಟ್ಟಿ, ಶ್ರುತಿ ತೆಳ್ಳಗೆ. ಶ್ರುತಿಯನ್ನು ಸಾಫ್ಟ್‌ವೇರಿನಲ್ಲಿ ನಾನು ಎತ್ತಿ ಕೂಡಿಸುತ್ತಿದ್ದೆ. ಅವನಿಗೆ ಅದು ಗೊತ್ತಿತ್ತು, ನಾಚಿಕೆ ಇರಲಿಲ್ಲ. ನನ್ನ ದನಿಗೆ ಸರ ಟೈರಿಗೆ ಗಾಳಿ ಹಾಕಿದಂಗ ಹಾಕತಾರ ಎಂದು ಎಲ್ಲರ ಮುಂದೆ ಹೇಳಿ ನಗುತ್ತಿದ್ದ.

ಒಂದು ಅಮಾವಾಸ್ಯೆಗೆ ಅವನು ತಂದದ್ದು ಬಸ್ಸಿನ ಹಾಡು. ಗದಗಿನ ನಿಲ್ದಾಣದಲ್ಲಿ ಮುಂಡರಗಿ ಬಸ್ಸು ಬಂದ ಕೂಡಲೇ ಕಿಟಕಿಯಿಂದ ಟಾವೆಲ್ ಎಸೆದು ಸೀಟು ಹಿಡಿಯುವುದು ನಮ್ಮವರಿಗೆ ಗೊತ್ತಿರುವ ಕೆಲಸ. ಪಲ್ಲವಿ ಹೀಗಿತ್ತು:

ಮುಂಡರಗಿ ಬಸ್ಸಿನ್ಯಾಗ ಟಾವೆಲ್ ಒಗದೇನಿ
ನಿನಗಂತ ಸೀಟ ಹಿಡದ ದಾರಿ ಕಾಯ್ದೇನಿ
ಹತ್ತಿ ಬಂದಾಕಿ ಕುಂಡ್ರಲಿಲ್ಲ ಯಾಕ ಹೇಳ ನೀ

ಇದಕ್ಕೆ ಹೆಣ್ಣುದನಿಯ ಉತ್ತರ ಒಂದೇ ಸಾಲು: ತಪ್ಪಾತು ಮಾವಾ, ಸೊಕ್ಕಿಗೆ ಬಂದ ನಿಂತೇನಿ. ಆ ಸಾಲು ಹಾಡಲು ಕಾಯಂ ಬರುತ್ತಿದ್ದ ಹುಡುಗಿಗೆ ಜ್ವರ. ಮಹಾಂತೇಶ ಲಕ್ಷ್ಮೇಶ್ವರದಿಂದ ಸುಮಿತ್ರಾ ಅವರನ್ನು ಕರೆಸಿದ.

ಸುಮಿತ್ರಾ ಮೂವತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಹಾಡಿದವರು. ಶಿರಹಟ್ಟಿ, ಮುಂಡರಗಿ, ಗದಗ, ಎಲ್ಲಿ ಮದುವೆ ಇದ್ದರೂ ಸಿನಿಮಾ ಹಾಡು ಹಾಡಲು ಅವರೇ ಬೇಕಿತ್ತು. ಸಣ್ಣಂದಿನಲ್ಲಿ ಹಾರ್ಮೋನಿಯಂ ಪೇಟಿಯ ಮಾಸ್ತರರ ಹತ್ತಿರ ಸ್ವರ ಕಲಿತವರು. ಈಗ ಮನೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಾರೆ. ಇಡೀ ಆಯುಷ್ಯ ಮತ್ತೊಬ್ಬರ ಹಾಡು ಹಾಡಿದ ಅವರ ಚೀಲದಲ್ಲಿ, ತಾವೇ ಬರೆದ ಹಾಡುಗಳ ಒಂದು ವಹಿ ಇರುತ್ತಿತ್ತು ಎನ್ನುವುದು ನನಗೆ ಆವರೆಗೆ ಗೊತ್ತಿರಲಿಲ್ಲ.

ಅಂದು ಹೆಡ್‌ಫೋನನ್ನು ಒಂದೇ ಕಿವಿಗೆ ಇಟ್ಟುಕೊಂಡು ಅವರು ಟ್ರ್ಯಾಕ್ ಕೇಳಿದರು. ಕೇಳಿ, ತೆಗೆದು ಮೇಜಿನ ಮೇಲಿಟ್ಟರು.

“ಈ ಸಾಲ ನಾ ಹಾಡೂದಿಲ್ರಿ ಸರ.”

ಫಕ್ಕೀರಪ್ಪ ಗಾಜಿನ ಈಚೆ ನನ್ನ ಪಕ್ಕ ಕೂತಿದ್ದ. ಮಾತು ಅವನಿಗೂ ಕೇಳಿಸಿತು. ಎದ್ದು ಒಳಗೆ ಹೋದ. ಯಾಕೆ ಎಂದು ಕೇಳಿದ. ಹಾಡಿನ ಹುಡುಗಿ ಏನು ತಪ್ಪು ಮಾಡಿದ್ದಾಳೆಂದು ಕ್ಷಮೆ ಕೇಳಬೇಕು ಎಂದು ಸುಮಿತ್ರಾ ತಿರುಗಿ ಕೇಳಿದರು. ಸೀಟು ಹಿಡಿದುಕೊಟ್ಟವನಿಗೆ ಬೆಲೆ ಇಲ್ಲವೇ ಎಂದು ಇವನು. ಮೈಕಿನ ಮುಂದೆಯೇ ವಾದ ನಡೆಯಿತು. ಅದು ಬಹಳ ಹೊತ್ತು ನಡೆಯಿತು ಎಂದು ಬರೆಯಹೊರಟೆ, ಆದರೆ ಹತ್ತು ನಿಮಿಷ ಆಗಿದ್ದರೂ ಆಗಿರಬಹುದು. ಒಂದು ಮಾತು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ, ಅದು ಸುಮಿತ್ರಾ ಅವರದೇ ಬಾಯಿಂದ ಬಂದದ್ದೆಂದೂ ನೆನಪಿದೆ.

“ತಮ್ಮಾ, ನೀ ಹಿಡದ ಸೀಟಿನ್ಯಾಗ ಆಕಿ ಕುಂತಳಂದ್ರ ಮರುದಿನ ಇಡೀ ಬಸ್ ಆಕಿನ್ನ ಫಕ್ಕೀರಪ್ಪನಾಕಿ ಅಂತೈತಿ. ನಾ ಆ ಬಸ್ಸಿನ್ಯಾಗ ಇಪ್ಪತ್ತ ವರ್ಷ ನಿಂತ ಅಡ್ಡಾಡೇನಿ. ಕಾಲ ಬಾವು ಬಂದಿದ್ದವು. ಕುಂತಿಲ್ಲ.”

ಫಕ್ಕೀರಪ್ಪ ಹೊರಗೆ ಹೋಗಿ ಅಟ್ಟದ ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಒಳಗೆ ಬಂದು, ಹಂಗಾರ ಅದನ್ನ ಬರೀರಿ ಅಕ್ಕಾರ ಎಂದ. ಸವಾಲಿನ ದನಿಯಲ್ಲೇ ಹೇಳಿದ, ಆಕೆಯಿಂದ ಆಗದು ಎಂದೇ ಹೇಳಿದ. ಸುಮಿತ್ರಾ ಚೀಲದಿಂದ ವಹಿ ತೆಗೆದರು.

ಆ ಅಮಾವಾಸ್ಯೆಗೆ ಹಾಡು ಮುಗಿಯಲಿಲ್ಲ. ಮುಂದಿನದಕ್ಕೂ ಮುಗಿಯಲಿಲ್ಲ. ಆಕೆ ಬರೆದು ತಂದ ಮೊದಲ ನುಡಿಯಲ್ಲಿ “ವೇದನೆ” ಎಂಬ ಮಾತಿತ್ತು. ಆ ಶಬ್ದ ನನ್ನ ಗಾಡಿ ಹತ್ತೂದಿಲ್ರಿ, ನಡುದಾರಿ ಮಲ್ಲಸಮುದ್ರದಾಗ ಇಳದ ಹೊಕ್ಕೈತಿ ಎಂದು ಫಕ್ಕೀರಪ್ಪ ಹೊಡೆಸಿಹಾಕಿದ. ಅವನ ಸಾಲುಗಳಲ್ಲಿ ಉಸಿರು ತೆಗೆದುಕೊಳ್ಳಲು ಜಾಗವೇ ಇರಲಿಲ್ಲ. ಹೊಲಿಗೆಗೆ ಬಟ್ಟೆ ಬಿಟ್ಟ ಹಾಗೆ ಸಾಲಿನ ತುದಿಗೆ ಒಂದಿಷ್ಟು ಬಿಡಬೇಕು ಎಂದು ಆಕೆ ಕಲಿಸಿದರು. ಅವನು ಕಿರುಚುತ್ತಿದ್ದ, ಆಕೆ ಗುನುಗುತ್ತಿದ್ದರು. ಎರಡನ್ನೂ ಒಂದೇ ಹಾಡಿನಲ್ಲಿ ಕೂಡಿಸುವುದು ಹೇಗೆಂದು ನಾನು ತಲೆಕೆಡಿಸಿಕೊಂಡೆ. ಕೊನೆಗೆ ಆಕೆಯ ನುಡಿ ಬಂದಾಗ ತಾಳದ ಪೆಟ್ಟನ್ನೆಲ್ಲ ನಿಲ್ಲಿಸಿಬಿಟ್ಟೆ. ಬರೀ ದನಿ. ಹಿಂದೆ ಒಂದು ಪೇಟಿ. ನನ್ನ ಕೆಲಸದಲ್ಲಿ ನಾನು ಹೆಮ್ಮೆ ಪಡುವ ಕೆಲವೇ ನಿರ್ಧಾರಗಳಲ್ಲಿ ಅದೊಂದು. ಆಕೆ ಬರೆದದ್ದು ಇದು:

ಕೇಳಿ ಹಿಡದಿ ಏನ ಸೀಟ, ಕೇಳದ ಹಿಡದಿ ನೀ
ಟಾವೆಲ್ ಮ್ಯಾಲ ಕುಂತರ ನಾ ನನ್ನಾಕಿ ಅಂತಿ ನೀ
ನಿಂತ ಬರತೇನಿ ಮುಂಡರಗಿ ತನಕಾ
ಕಾಲ ನೊಂದರ ನನ್ನವು, ನಿನಗ್ಯಾಕ ಮರುಕಾ

ಮೂರನೆಯ ಅಮಾವಾಸ್ಯೆಗೆ ಹಾಡು ಐದು ನುಡಿಯಾಗಿ ಮುಗಿಯಿತು. ಒಂದು, ಮೂರು ಅವನವು; ಎರಡು, ನಾಲ್ಕು ಆಕೆಯವು. ಐದನೆಯದು ಹೆಸರಿನ ನುಡಿ, ಇಬ್ಬರೂ ಕೂಡಿ ಹಾಡಿದ್ದು:

ಹರ್ತಿ ಊರ ಫಕ್ಕೀರ ಕೇಳ್ಯಾನ ಸವಾಲಾ
ಲಕ್ಷ್ಮೇಶ್ವರದ ಸುಮಿತ್ರಾ ಕೊಟ್ಟಾಳ ಜವಾಬಾ
ಇಬ್ಬರ ಕೂಡಿ ಕಟ್ಟಿದ ಪದ, ತಪ್ಪಿದ್ರ ತಿದ್ದರೆಪಾ

ತಮ್ಮ ಹೆಸರು ಹಾಡುವಾಗ ಸುಮಿತ್ರಾ ಎರಡು ಸಲ ತಪ್ಪಿದರು. ಮೂವತ್ತು ವರ್ಷದಲ್ಲಿ ತಾವು ಹಾಡಿದ ಯಾವ ಹಾಡಿನಲ್ಲೂ ಆ ಹೆಸರು ಇರಲಿಲ್ಲವಲ್ಲ, ನಾಲಿಗೆಗೆ ರೂಢಿಯಿಲ್ಲ ಎಂದು ನಕ್ಕರು. ಮೂರನೆಯ ಸಲ ಸರಿಯಾಗಿ ಬಂತು.

ಎರಡು ದಿನ ಬಿಟ್ಟು ಮಹಾಂತೇಶ ಫೋನು ಮಾಡಿದ. ಹಾಡು ಉದ್ದವಾಗಿದೆ, ಕೊನೆಯ ನುಡಿಯನ್ನು ಯಾರೂ ಕೇಳುವುದಿಲ್ಲ, ತೆಗೆಯಿರಿ ಎಂದ. ಹೆಸರಿನ ನುಡಿ ಅದು ಎಂದು ನಾನು ಹೇಳಿದೆ. ಹೇಳಿದೆ ಎಂದು ನನಗೆ ಅನಿಸುತ್ತದೆ. ಹೆಸರುಗಳನ್ನು ವೀಡಿಯೋದ ಕೆಳಗೆ ಬರೆಯುತ್ತೇವಲ್ಲ ಎಂದು ಅವನು ಹೇಳಿದ್ದು ಮಾತ್ರ ಖಚಿತ, ಏಕೆಂದರೆ ಅದನ್ನು ನೆಪವಾಗಿಟ್ಟುಕೊಂಡೇ ನಾನು ಕೆಲಸ ಮುಗಿಸಿದೆ. ನುಡಿಯನ್ನು ಗುರುತು ಮಾಡಿ ಒಂದು ಗುಂಡಿ ಒತ್ತಿದೆ. ಕ್ಯಾಸೆಟ್ಟಿನ ಕಾಲದಲ್ಲಿ ಟೇಪು ಕತ್ತರಿಸಿದರೆ ನೆಲದ ಮೇಲೆ ಚೂರು ಬೀಳುತ್ತಿತ್ತು. ಗುಡಿಸುವಾಗಲಾದರೂ ಕಣ್ಣಿಗೆ ಬೀಳುತ್ತಿತ್ತು. ಕಂಪ್ಯೂಟರಿನಲ್ಲಿ ಅದೂ ಇಲ್ಲ. ಡಿಸ್ಕಿನಲ್ಲಿ ಜಾಗವಿಲ್ಲವೆಂದು ತಿಂಗಳಿಗೊಮ್ಮೆ ಹಳೆಯ ಕಡತಗಳನ್ನು ಅಳಿಸುವುದು ಮಹಾಂತೇಶ ಮಾಡಿದ ನಿಯಮ. ಆ ನುಡಿಯೂ ಹಾಗೆಯೇ ಅಳಿಯಿತು, ಇಡೀ ಮೂಲ ಮುದ್ರಣದ ಸಂಗಡ.

ಹಾಡು ಬಂದ ಮೇಲೆ ನಡೆದದ್ದನ್ನು ಈ ಕಡೆಯವರಿಗೆ ಹೇಳಬೇಕಿಲ್ಲ. ಮದುವೆ, ಮೆರವಣಿಗೆ, ಕಾಲೇಜಿನ ಗ್ಯಾದರಿಂಗು, ಎಲ್ಲೆಡೆ ಅದೇ. ಹುಡುಗಿಯರು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಆ ನುಡಿಗೆ ತುಟಿ ಆಡಿಸುವ ರೀಲ್ಸುಗಳು ಬಂದವು. “ನಿಂತ ಬರತೇನಿ” ಎಂದು ಟಂಟಂಗಳ ಹಿಂದೆ ಬರೆಸಿಕೊಂಡರು. ಜನ ಹಿಡಿದದ್ದು ಫಕ್ಕೀರಪ್ಪನ ಸಾಲನ್ನಲ್ಲ, ಸುಮಿತ್ರಾ ಅವರ ಸಾಲನ್ನು. ವೀಡಿಯೋದ ಕೆಳಗೆ ಏನಿತ್ತು? ಸಾಹಿತ್ಯ: ಫಕ್ಕೀರ ಹರ್ತಿ. ಗಾಯನ: ಫಕ್ಕೀರ ಮತ್ತು ಸಂಗಡಿಗರು.

ಸಂಗಡಿಗರು. ಒಬ್ಬ ಹೆಣ್ಣುಮಗಳನ್ನು ಬಹುವಚನ ಮಾಡಿ ಇಲ್ಲವಾಗಿಸುವ ಈ ಜಾಣತನವನ್ನು ಯಾರು ಕಂಡುಹಿಡಿದರೋ. ಅದನ್ನು ಓದಿದ ದಿನವೇ ನಾನು ಮಹಾಂತೇಶನಿಗೆ ಹೇಳಬೇಕಿತ್ತು. ಓದಿದ್ದೆ, ಹೇಳಲಿಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿದ್ದವು, ಸುಮ್ಮನೆ ಹೋಗಿಬಿಡೋಣ ಎಂದುಕೊಂಡೆ.

ಶಿರಹಟ್ಟಿಯಲ್ಲಿ ಒಂದು ಸಂಘದವರು ಫಕ್ಕೀರಪ್ಪನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ನಾನೂ ಹೋಗಿದ್ದೆ. ಹೆಣ್ಣಿನ ಮನಸ್ಸನ್ನು ಇಷ್ಟು ಬಲ್ಲ ಕವಿ ನಮ್ಮ ಕಡೆ ಹುಟ್ಟಿಲ್ಲ ಎಂದು ಭಾಷಣಕಾರರೊಬ್ಬರು ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಫಕ್ಕೀರಪ್ಪ ತಲೆ ಬಗ್ಗಿಸಿ ಕೂತಿದ್ದ. ಅದು ವಿನಯ ಎಂದು ಜನ ತಿಳಿದರು. ನಾನು ನಾಚಿಕೆ ಎಂದು ತಿಳಿದೆ. ಏನೇ ಇರಲಿ, ಎದ್ದು ಒಂದು ಮಾತು ಹೇಳಲಿಲ್ಲ ಅವನು. ಚಪ್ಪಾಳೆ ತಟ್ಟಿದ ಕೈಗಳಲ್ಲಿ ನನ್ನವೂ ಇದ್ದವು, ಇದು ಡೈರಿಯಲ್ಲಿ ಇದೆ.

ನಾನು ನಿವೃತ್ತನಾದ ಎರಡನೆಯ ತಿಂಗಳು, ಒಂದು ಬೆಳಿಗ್ಗೆ ಸುಮಿತ್ರಾ ನಮ್ಮ ಮನೆಗೆ ಬಂದರು. ಆವರೆಗೆ ಆಕೆ ಯಾರ ಮುಂದೆಯೂ ದೂರಿರಲಿಲ್ಲ. ಹಿಂದಿನ ವಾರ ಹೊಲಿಗೆ ಕ್ಲಾಸಿನ ಹುಡುಗಿಯೊಬ್ಬಳಿಗೆ, ಆ ನುಡಿ ನಾನು ಬರೆದದ್ದು ಎಂದು ಮಾತಿನ ನಡುವೆ ಹೇಳಿದರಂತೆ. ಹುಡುಗಿ ಫೋನು ತೆಗೆದು, ವೀಡಿಯೋದ ಕೆಳಗಿನ ಬರಹ ಓದಿ, ಮತ್ತೆ ಏನೂ ಕೇಳದೆ ಹೊಲಿಯುತ್ತ ಕೂತಳಂತೆ.

“ಸುಳ್ಳ ಹೇಳತಾರ ಟೀಚರ್ ಅಂತ ಆಕಿ ಮನಸಿನ್ಯಾಗ ಬಂತರಿ ಸರ. ಬಾಯಿ ಬಿಟ್ಟ ಅನಲಿಲ್ಲ. ಅಂದಿದ್ರ ಚಲೋ ಇತ್ತು.” ಆಮೇಲೆ, “ನನಗೇನು ಶಾಲು ಬೇಕಾಗಿಲ್ರಿ. ನಾ ಸುಳ್ಳಗಾತಿ ಅಲ್ಲಂತ ಆಗಬೇಕು” ಎಂದರು.

ಸ್ಟುಡಿಯೋದಲ್ಲಿ ಮಹಾಂತೇಶನನ್ನು, ಫಕ್ಕೀರಪ್ಪನನ್ನು ಕೂಡಿಸಿ ಕೇಳುತ್ತೇನೆ, ನೀವು ಬಂದು ಕಂಡದ್ದನ್ನು ಹೇಳಬೇಕು ಎಂದರು. ಒಪ್ಪಿದೆ. ಡೈರಿ ತರುತ್ತೇನೆ, ಅದರಲ್ಲಿ ಎಲ್ಲ ಇರುತ್ತದೆ ಎಂದೂ ಹೇಳಿದೆ. ತೆರೆದು ನೋಡದೆಯೇ ಹೇಳಿದೆ. ಅಷ್ಟು ನಂಬಿಕೆ ನನ್ನ ಮೇಲೆ ನನಗೆ.

ಮರುದಿನ ಮಧ್ಯಾಹ್ನ ನಾಲ್ವರೂ ಕೂತೆವು. ಮಗ್ಗಗಳು ನಡೆದಿದ್ದವು, ಸ್ವಲ್ಪ ಜೋರಾಗಿ ಮಾತಾಡಬೇಕಿತ್ತು. ಸುಮಿತ್ರಾ ತಮ್ಮ ಮಾತನ್ನು ಗಲಾಟೆ ಇಲ್ಲದೆ ಹೇಳಿದರು, ವಹಿಯನ್ನೂ ತೋರಿಸಿದರು. ಮಹಾಂತೇಶ ಎಲ್ಲವನ್ನೂ ಕೇಳಿ, ತಾರೀಕಿಲ್ಲದ ವಹಿಯನ್ನು ಯಾವಾಗ ಬೇಕಾದರೂ ಬರೆಯಬಹುದು, ಹಾಡುವಾಗ ಒಂದೆರಡು ಮಾತು ಎಲ್ಲರೂ ತಿದ್ದುತ್ತಾರೆ, ಅದು ಬರೆದಂತಾಗುವುದಿಲ್ಲ ಎಂದ. ಆಗ ನಾನು ಮಾತಾಡಿದೆ, ಡೈರಿ ಮುಂದಿಟ್ಟೆ. ಮಹಾಂತೇಶ ಅದನ್ನು ತೆಗೆದುಕೊಂಡು ಆ ಅಮಾವಾಸ್ಯೆಯ ಪುಟ ಹುಡುಕಿ ಗಟ್ಟಿಯಾಗಿ ಓದಿದ.

“ಫಕ್ಕೀರನ ಬಸ್ಸಿನ ಹಾಡು ಇಂದು ಮುಗಿಯಿತು. ಹೆಣ್ಣುದನಿ ಸುಮಿತ್ರಾ, ಚೆನ್ನಾಗಿ ಬಂತು. ಪೇಟಿ ಮಾತ್ರ ಇಟ್ಟದ್ದು ನನ್ನ ವಿಚಾರ.”

ಅಷ್ಟೇ. ಹಿಂದಿನ ಎರಡು ಅಮಾವಾಸ್ಯೆಗಳ ಪುಟಗಳಲ್ಲೂ “ಫಕ್ಕೀರನ ಹಾಡು” ಎಂದೇ ಇತ್ತು. ವಾದದ ಸುದ್ದಿ ಇಲ್ಲ, ವಹಿಯ ಸುದ್ದಿ ಇಲ್ಲ. ನನ್ನ ವಿಚಾರ ಮಾತ್ರ ಇತ್ತು.

ಮಹಾಂತೇಶ ಡೈರಿ ಮುಚ್ಚಿದ. “ಓದಿದವರು ನೀವ, ಅಂದಿಂದು ಅಂದಽ ಬರದೀರಿ. ಈಗ ಹೇಳೂದನ್ನ ನಂಬಬೇಕೋ, ಬರದದ್ದನ್ನ ನಂಬಬೇಕೋ, ನೀವ ಹೇಳ್ರಿ ಸರ.”

ಹೇಳಬೇಕಾದ ಉತ್ತರ ಸರಳವಾಗಿತ್ತು. ಬರೆದದ್ದು ತಪ್ಪು, ಬರೆದವನು ನಾನೇ, ಎದುರಿಗೆ ಕೂತವಳು ಬರೆಯುವುದನ್ನು ಈ ಕಣ್ಣಿನಿಂದ ಕಂಡಿದ್ದೇನೆ. ನಾನು ಹೇಳಿದ್ದೇನು? ನನ್ನ ನೆನಪಿನ ಪ್ರಕಾರ ಆಕೆಯ ಪಾಲು ಸಾಕಷ್ಟಿತ್ತು, ಆದರೆ ನೆನಪಿನ ಮೇಲೆ ಪೂರ್ತಿ ಭರವಸೆ ಇಡಲಾಗದು ಎಂದೆ. ಹಾಗೆಂದ ಕ್ಷಣದಲ್ಲಿ ನಾನು ಬಹಳ ಪ್ರಾಮಾಣಿಕ ಎಂದು ನನಗೆ ಅನಿಸಿತ್ತು. ಸಂಶಯಪಡುವುದನ್ನು ಓದು ನನಗೆ ಕಲಿಸಿತ್ತು, ಸರಿ. ಆ ಸಂಶಯವನ್ನು ಸೊಕ್ಕಿನ ಮಹಾಂತೇಶನ ಮಾತಿನ ಮೇಲೆ ನಾನು ಒಮ್ಮೆಯೂ ಪ್ರಯೋಗಿಸಲಿಲ್ಲ. ಸನ್ಮಾನದ ಭಾಷಣದ ಮೇಲೆ ಪ್ರಯೋಗಿಸಲಿಲ್ಲ. ನನ್ನ ಡೈರಿಯ ಮೇಲಂತೂ ಇಲ್ಲವೇ ಇಲ್ಲ. ಇಪ್ಪತ್ತು ವರ್ಷ ಬಸ್ಸಿನಲ್ಲಿ ನಿಂತು ಬಂದವಳ ಸಾಲಿಗೆ ಮಾತ್ರ ಆಧಾರ ಬೇಕಾಯಿತು ನನಗೆ. ಆ ಕಾಲದ ಬರಹ ಎಂದರೆ ಆ ಕಾಲದಲ್ಲಿ ಪೆನ್ನು ಹಿಡಿದವನ ಬರಹ ಎಂಬ ಸಣ್ಣ ತಿಳಿವಳಿಕೆ, ಎಂ.ಎ. ಮಾಡಿದವನಿಗೆ ಇರಲಿಲ್ಲ.

ಸುಮಿತ್ರಾ ನನ್ನ ಕಡೆ ನೋಡಲಿಲ್ಲ. ಆಗ ಫಕ್ಕೀರಪ್ಪ ಬಾಯಿ ತೆರೆದ. ಅಷ್ಟು ಹೊತ್ತು ಗಾಡಿಯ ಕೀಲಿಯನ್ನು ತಿರುವುತ್ತ ಕೂತಿದ್ದ.

“ಸರಗ ನೆನಪಿಲ್ಲಂದ್ರ ನನಗ ನೆನಪೈತಿ. ಆ ಜವಾಬು ಅಕ್ಕಂದು. ನಾ ಬರದದ್ದು ತಪ್ಪಾತು ಮಾವಾ ಅಂತ. ಅದನ್ನ ಇಟ್ಟಿದ್ರ ಈ ಹಾಡ ಯಾರೂ ಕೇಳತಿರಲಿಲ್ಲ.”

“ಲೇ ಫಕ್ಕೀರಾ, ಶಾಲು ಹೊದ್ದಾಗ ಯಾಕ ಅನಲಿಲ್ಲಲೇ ಇದನ್ನ?” ಎಂದ ಮಹಾಂತೇಶ.

“ಬಾಯಿ ಬರಲಿಲ್ಲ. ಚಪ್ಪಾಳಿ ಚಲೋ ಅನಿಸಿತ್ತು.”

ಇಷ್ಟು ನೇರವಾದ ಸಾಕ್ಷಿಯನ್ನು ನಾನು ಕೇಳಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು, ತನ್ನ ತಪ್ಪನ್ನೂ ಸೇರಿಸಿ ಖರೆ ಹೇಳಿದ. ತನ್ನ ಮುಂದಿನ ಹಾಡುಗಳು ಆ ಚಾನಲ್ಲಿನಲ್ಲಿ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬರಲೂ ಇಲ್ಲ. ಮಹಾಂತೇಶ ಮಾತ್ರ, ಇಬ್ಬರೂ ಕೂಡಿ ಕತೆ ಕಟ್ಟಿಕೊಂಡು ಬಂದಿದ್ದೀರಿ, ಕೆಳಗಿನ ಬರಹ ಬದಲಾಗುವುದಿಲ್ಲ ಎಂದು ಎದ್ದುಹೋದ. ಹೆಸರು ಸೇರಿಸಲು ಅವನಿಗೆ ಎರಡು ನಿಮಿಷದ ಕೆಲಸ, ಖರ್ಚಿಲ್ಲ, ನಷ್ಟವಿಲ್ಲ. ಒಂದು ಹೆಂಗಸು ಕೇಳಿದಳು, ಅವನು ತಗ್ಗಬಾರದು, ಇದಕ್ಕಿಂತ ದೊಡ್ಡ ಕಾರಣ ನನಗೆ ಇವತ್ತಿಗೂ ಹೊಳೆದಿಲ್ಲ.

ಆಮೇಲೆ ಅವರಿಬ್ಬರೂ ಸುಮ್ಮನೆ ಕೂಡಲಿಲ್ಲ. ಸುಮಿತ್ರಾ ಅವರ ಮನೆಯಲ್ಲೇ, ಹೊಲಿಗೆ ಯಂತ್ರಗಳನ್ನು ಬದಿಗೆ ಸರಿಸಿ, ಫೋನಿನಲ್ಲಿ ಐದೂ ನುಡಿ ಮತ್ತೆ ಹಾಡಿ ಮುದ್ರಿಸಿಕೊಂಡರು. ಫಕ್ಕೀರಪ್ಪ ತನ್ನ ಹೊಸ ಚಾನಲ್ಲಿಗೆ ಅದನ್ನು ಏರಿಸಿದ. ಮೂರನೆಯ ದಿನ ಅದು ಮಾಯವಾಯಿತು. ಹಾಡು ತನ್ನದೆಂದು ಮಹಾಂತೇಶ ಯೂಟ್ಯೂಬಿಗೆ ದೂರು ಕೊಟ್ಟಿದ್ದ. ಹಾಡು ಕಟ್ಟಿದವರು ತಮ್ಮ ಹಾಡನ್ನು ಹಾಡಿದ್ದಕ್ಕೆ ಕಳ್ಳರಾದರು. ಅವರು ತಿರುಗಿ ದೂರು ಕೊಡಬಹುದಿತ್ತು. ಸುಮಿತ್ರಾ ಒಬ್ಬ ವಕೀಲರನ್ನು ಕಂಡರು. ಮೂಲ ಮುದ್ರಣ ಅಳಿದಿರುವುದರಿಂದ, ಅದನ್ನು ಮಾಡಿದವರ ಲಿಖಿತ ಹೇಳಿಕೆ ಬೇಕು ಎಂದು ವಕೀಲರು ಹೇಳಿದರು. ಈ ಖಬರನ್ನು ನನಗೆ ತಂದವನು ಫಕ್ಕೀರಪ್ಪ. ಆಕೆ ನನ್ನನ್ನು ಕೇಳುವುದಿಲ್ಲವೆಂದು ಹೇಳಿದ್ದರಂತೆ. ಅವನು ಆಕೆಗೆ ತಿಳಿಸದೆ ಬಂದಿದ್ದ.

ಮರುದಿನ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಹೇಳಿಕೆಯನ್ನು ಮನೆಯಲ್ಲೇ ಛಾಪಾ ಕಾಗದದ ಮೇಲೆ ಬರೆದುಕೊಂಡಿದ್ದೆ. “ನನ್ನ ನೆನಪಿನ ಪ್ರಕಾರ” ಎಂಬ ಮಾತು ನಾಲ್ಕು ಸಲ ಬಂದಿತ್ತು, ನಾಲ್ಕನ್ನೂ ತೆಗೆದು ಮತ್ತೆ ಬರೆದಿದ್ದೆ. ಅದಕ್ಕೇ ಅರ್ಧ ದಿನ ಹಿಡಿದಿತ್ತು.

ಸುಮಿತ್ರಾ ಅವರ ಪಡಸಾಲೆಯಲ್ಲಿ ಆರೇಳು ಹುಡುಗಿಯರು ಹೊಲಿಯುತ್ತಿದ್ದರು. ಬರ್ರಿ ಸರ, ಕುಂಡ್ರಿ ಎಂದರು, ಮುಖದಲ್ಲಿ ಕಹಿ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ನನ್ನ ತಪ್ಪಿನ ಬಗ್ಗೆ ಒಂದಿಷ್ಟು ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ. ಎರಡು ವಾಕ್ಯ ಆಗುವಷ್ಟರಲ್ಲಿ ಆಕೆ ಕೈ ಚಾಚಿದರು, ಕಾಗದಕ್ಕೆ. ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಂತೇ ಓದಿದರು. ಹುಡುಗಿಯರ ಯಂತ್ರಗಳು ಒಂದೊಂದಾಗಿ ನಿಂತವು.

ಓದಿ ಮುಗಿಸಿ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ಕಾಗದವನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿ ನಾನು ಹೀಗೆ ಬರೆದಿದ್ದೆ: “ಸದರಿ ಹಾಡಿನ ಎರಡನೆಯ ಮತ್ತು ನಾಲ್ಕನೆಯ ನುಡಿಗಳನ್ನು ರಚಿಸುವಲ್ಲಿ ಸುಮಿತ್ರಾ ಅವರು ಸಹಾಯ ಮಾಡಿರುತ್ತಾರೆ.”

“ಸಹಾಯ ಯಾರಿಗೆ ಮಾಡೇನ್ರಿ ಸರ?” ಎಂದರು.

ಅರ್ಧ ದಿನ ಕೂತು ತಿದ್ದಿದ್ದೆ. ಆ ಮಾತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

“ಬರದೇನಿ. ಅಷ್ಟ ಬರೀರಿ” ಎಂದರು.

ಒಬ್ಬ ಹುಡುಗಿ ತನ್ನ ಯಂತ್ರದ ಹಲಗೆಯನ್ನು ಖಾಲಿ ಮಾಡಿಕೊಟ್ಟಳು. ಅದರ ಮೇಲೆ ಕಾಗದವನ್ನಿಟ್ಟು ಇಡೀ ಸಾಲನ್ನು ಹೊಡೆದುಹಾಕಿದೆ. ಮೇಲೆ ಸಣ್ಣ ಅಕ್ಷರದಲ್ಲಿ, ಎರಡನೆಯ ಮತ್ತು ನಾಲ್ಕನೆಯ ನುಡಿಗಳನ್ನು ಬರೆದವರು ಸುಮಿತ್ರಾ ಎಂದು ಬರೆದೆ. ತಿದ್ದಿದ್ದರ ಪಕ್ಕದಲ್ಲಿ ಸಹಿ ಮಾಡಬೇಕು ಎಂದು ಆಕೆ ನೆನಪಿಸಿದರು. ಮಾಡಿದೆ. ಕಾಗದವನ್ನು ಎತ್ತಿಕೊಂಡು, ಮಸಿ ಆರುವವರೆಗೆ ಗಾಳಿಗೆ ಹಿಡಿದು ನಿಂತು, ಆಮೇಲೆ ಹುಡುಗಿಯರ ಕಡೆ ತಿರುಗಿ ಗಟ್ಟಿಯಾಗಿ ಓದಿದರು. ತಮ್ಮ ಹೆಸರು ಬಂದಲ್ಲಿ ಈ ಸಲ ತಪ್ಪಲಿಲ್ಲ.